ಸತ್ತಿಲ್ಲ, ಎಲ್ಲೋ ನಿಂತಿದೆ ಅಷ್ಟೇ

"ಕಂಪ್ಯೂಟರ್ ಸತ್ತೇ ಹೋಯ್ತು" ಅಂತ ಜನ ನನ್ನ ಮೇಜಿನ ಮೇಲೆ ತಂದಿಡುವ ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ನಿಜವಾಗಿ ಸತ್ತಿರುವುದು ಕಡಿಮೆ. ಫ್ಯಾನೇ ತಿರುಗುತ್ತಿಲ್ಲವಾ, ತಿರುಗಿದರೂ ಪರದೆ ಕಪ್ಪಗಿದೆಯಾ, ಇಲ್ಲಾ ಲೋಗೋ ಬಂದ ಮೇಲೆ ವಿಂಡೋಸ್ ಬರುತ್ತಿಲ್ಲವಾ? ಮೂರೂ ಬೇರೆ ಬೇರೆ ಕಾಯಿಲೆ. ಇದನ್ನು ನೋಡದೆ ಸೀದಾ ವಿಂಡೋಸ್ ಹೊಸದಾಗಿ ಹಾಕಲು ಹೊರಟರೆ ಫೈಲುಗಳೂ ಹೋಗಬಹುದು, ತೊಂದರೆಯೂ ಹಾಗೇ ಉಳಿಯಬಹುದು.

ಫ್ಯಾನ್ ತಿರುಗದಿದ್ದರೆ ವಯರ್, ಪ್ಲಗ್, ಹಿಂದಿನ ಸಣ್ಣ ಸ್ವಿಚ್ ನೋಡಿ. ಆಮೇಲೆ ಅನುಮಾನ ಕರೆಂಟ್ ಒದಗಿಸುವ ಡಬ್ಬಿಯಾದ ಎಸ್‌ಎಂಪಿಎಸ್ ಮೇಲೆ. ಅದನ್ನು ಮಾತ್ರ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್ (ವಿದ್ಯುತ್ ಹಿಡಿದಿಡುವ ಭಾಗ) ಶಾಕ್ ಹೊಡೆಯಬಲ್ಲದು.

ಪರದೆ ಕಪ್ಪಗಿದ್ದರೆ ನಾನು ಮೊದಲು ಕೈ ಹಾಕುವುದು ಮೆಮೊರಿ ಪಟ್ಟಿಯಾದ ರ‍್ಯಾಮ್‌ಗೆ. ಪ್ಲಗ್ ಕಿತ್ತು, ಪವರ್ ಬಟನ್ 15 ಸೆಕೆಂಡ್ ಒತ್ತಿ ಹಿಡಿದು, ಕೇಸಿನ ಲೋಹವನ್ನು ಒಮ್ಮೆ ಮುಟ್ಟಿ, ರ‍್ಯಾಮ್ ತೆಗೆದು ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಟಕ್ ಅನ್ನುವ ತನಕ ಒತ್ತಿ ಕೂರಿಸಿ. ಎರಡಿದ್ದರೆ ಒಂದೊಂದೇ ಹಾಕಿ ನೋಡಿ. ಬೀಪ್ ಬಂದರೆ ಗಾಬರಿ ಬೇಡ, ಮದರ್‌ಬೋರ್ಡಿಗೆ ಇನ್ನೂ ಜೀವ ಇದೆ ಅಂತ ಅರ್ಥ. ಎಷ್ಟು ಬೀಪ್, ಉದ್ದವೋ ಗಿಡ್ಡವೋ, ಬರೆದಿಟ್ಟುಕೊಂಡು ಆ ಬೋರ್ಡಿನ ಕೈಪಿಡಿಯಲ್ಲಿ ಹುಡುಕಿ. ಪ್ರೊಸೆಸರ್ ಸುತ್ತಲಿನ ಕೆಪಾಸಿಟರ್‌ಗಳ ತಲೆ ಉಬ್ಬಿದ್ದರೆ ಮಾತ್ರ ರಬ್ಬರಿನಿಂದ ಆಗುವ ಕೆಲಸವಲ್ಲ.

ಇನ್ನು ಲೋಗೋ ಬಂದೂ ವಿಂಡೋಸ್ ಬರದಿದ್ದರೆ, ಎಲ್ಲರೂ ಮರೆಯುವುದು ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿ, ಸಿಆರ್2032. ಒಮ್ಮೆ ನೀಲಿ ಪರದೆ ಬಂದು ನಿಲ್ಲುತ್ತಿದ್ದ ಯಂತ್ರದ ಹಾರ್ಡ್ ಡಿಸ್ಕನ್ನು ಅರ್ಧ ದಿನ ಸುಮ್ನೆ ಪರೀಕ್ಷೆ ಮಾಡಿದೆ. ಕೊನೆಗೆ ಬಯಾಸ್ (ವಿಂಡೋಸ್‌ಗೂ ಮೊದಲು ಓಡುವ, ಯಂತ್ರದ ಸೆಟ್ಟಿಂಗ್ ಇರುವ ಪ್ರೋಗ್ರಾಂ) ತೆರೆದರೆ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿತ್ತು! ಬ್ಯಾಟರಿ ಮುಗಿದಾಗ ಬಯಾಸ್ ತನ್ನ ಸೆಟ್ಟಿಂಗ್ ಮರೆಯುತ್ತದೆ. ಅದರಲ್ಲಿ ಡಿಸ್ಕ್ ಜೊತೆ ಮಾತಾಡುವ ರೀತಿ, ಅಂದರೆ ಸಾಟಾ ಮೋಡ್, ಎಎಚ್‌ಸಿಐ ಇದ್ದದ್ದು ಐಡಿಇ ಆದರೆ ವಿಂಡೋಸ್‌ಗೆ ತನ್ನ ಡಿಸ್ಕೇ ಕಾಣುವುದಿಲ್ಲ, ನೀಲಿ ಪರದೆ ತೋರಿಸಿ (ವಿಂಡೋಸ್ 7ರಂಥ ಹಳೆಯದರಲ್ಲಿ 7ಬಿ ಅಂತ ಮುಗಿಯುವ ಕೋಡ್ ಇರುತ್ತದೆ) ನಿಲ್ಲುತ್ತದೆ. ಮೀಟರ್ ಇದ್ದರೆ ಅಳೆಯಿರಿ: ಹೊಸ ಬ್ಯಾಟರಿ 3 ವೋಲ್ಟ್ ತೋರಿಸುತ್ತದೆ, ನಿಮ್ಮದು 2.5ಕ್ಕೆ ಇಳಿದಿದ್ದರೆ ಯೋಚನೆ ಮಾಡದೆ ಬದಲಾಯಿಸಿ. ಆಮೇಲೆ ತಾರೀಖು, ಸಾಟಾ ಮೋಡ್, ಬೂಟ್ ಆರ್ಡರ್ (ಯಾವುದರಿಂದ ಮೊದಲು ಶುರುವಾಗಬೇಕು ಅನ್ನುವ ಕ್ರಮ) ಮೂರನ್ನೂ ಸರಿ ಮಾಡಿ. ಹಾಗೇ ಯಾವುದಾದರೂ ಪೆನ್‌ಡ್ರೈವ್ ಸಿಕ್ಕಿಸಿಟ್ಟಿದ್ದೀರಾ ನೋಡಿ, ನಗಬೇಡಿ, ಇದೂ ಆಗುತ್ತದೆ.

ಡಿಸ್ಕ್ ಕಟ್ ಕಟ್ ಸದ್ದು ಮಾಡುತ್ತಿದ್ದರೆ ಮತ್ತೆ ಮತ್ತೆ ಆನ್ ಮಾಡಬೇಡಿ. ಸ್ಕ್ಯಾನೂ ಬೇಡ. ಫೈಲುಗಳು ಬೇಕೇ ಬೇಕು ಅನ್ನುವಂತಿದ್ದರೆ ಅಲ್ಲೇ ನಿಲ್ಲಿಸಿ ಡೇಟಾ ತೆಗೆಯುವವರ ಕೈಗೆ ಕೊಡಿ.