‘ಮೊದಲು ನಾವೇ ವಿಚಾರಿಸಿ ನೋಡೋಣ’ ಅನ್ನುವ ಮುಂಚೆ

ದಕ್ಷಿಣ ಕನ್ನಡ, ಉಡುಪಿಯ ಚರ್ಚುಗಳಲ್ಲಿ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಬಗ್ಗೆ ಮಾತಾಡಲು ಹೋದಾಗ, ಚರ್ಚಿನ ಆಡಳಿತಕ್ಕೆ ನೆರವಾಗುವ ಪಾಲನಾ ಪರಿಷತ್ತಿನ ಹಿರಿಯರೊಬ್ಬರು ಎದ್ದು ಒಂದು ಮಾತು ಹೇಳಿಯೇ ಹೇಳುತ್ತಾರೆ. “ದೂರು ಬಂದ ಕೂಡಲೇ ಸ್ಟೇಷನ್ನಿಗೆ ಓಡುವುದು ಸರಿಯಾ ಮೇಡಂ? ಮೊದಲು ನಾವೇ ವಿಚಾರಿಸಿ ನೋಡೋಣ. ನಿಜ ಅಂತಾದರೆ ಆಮೇಲೆ ನೋಡಿದರಾಯ್ತು.” ಕೇಳಲಿಕ್ಕೆ ನ್ಯಾಯವಾಗಿಯೇ ಇದೆ. ಹೇಳುವವರೂ ಒಳ್ಳೆಯವರೇ. ಆದರೆ ವಕೀಲೆಯಾಗಿ ನಾನು ನೋಡಿದ ಪ್ರಕರಣಗಳಲ್ಲಿ ಮಗುವಿಗೆ ಎರಡನೇ ಪೆಟ್ಟು ಬಿದ್ದಿರುವುದು ಹೆಚ್ಚಾಗಿ ಈ ‘ವಿಚಾರಣೆ’ಯಲ್ಲೇ.

ಕಾನೂನು ಏನು ಹೇಳುತ್ತದೆ ನೋಡಿ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ 2012ರ ನವೆಂಬರ್ 14ರಿಂದ ಜಾರಿಯಲ್ಲಿದೆ. ಅದರ 19ನೇ ಸೆಕ್ಷನ್ ಪ್ರಕಾರ, 18 ವರ್ಷ ತುಂಬದ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ಗೊತ್ತಾದವರು, ನಡೆಯಬಹುದು ಎಂಬ ಆತಂಕ ಇರುವವರು ಕೂಡ, ಪೊಲೀಸರಿಗೆ ತಿಳಿಸಲೇಬೇಕು. ಖಚಿತಪಡಿಸಿಕೊಂಡು ತಿಳಿಸಿ ಎಂದು ಅದರಲ್ಲಿ ಎಲ್ಲೂ ಇಲ್ಲ. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ವಿಷಯವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು, ಜೊತೆಗೆ ದಂಡ. ಧಾರ್ಮಿಕ ಸಂಸ್ಥೆಯ ಆಡಳಿತದಲ್ಲಿ ಅಥವಾ ಕೆಲಸದಲ್ಲಿ ಇರುವವರು ಅಲ್ಲಿನ ಮಗುವಿನ ಮೇಲೆ ಇಂಥ ಕೃತ್ಯ ಮಾಡಿದರೆ ಅದನ್ನು ಇನ್ನೂ ಗಂಭೀರ ಅಪರಾಧ ಎಂದು ಕಾಯ್ದೆ ಬೇರೆಯಾಗಿಯೇ ಎಣಿಸುತ್ತದೆ.

“ಸುಳ್ಳು ದೂರು ಆದರೆ?” ಈ ಪ್ರಶ್ನೆಯೂ ಬಂದೇ ಬರುತ್ತದೆ. ಒಳ್ಳೆಯ ಉದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಸಿವಿಲ್ ಕೇಸೂ ಇಲ್ಲ, ಕ್ರಿಮಿನಲ್ ಕೇಸೂ ಇಲ್ಲ. ಬೇಕೆಂದೇ ಹಗೆ ತೀರಿಸಿಕೊಳ್ಳಲು ಸುಳ್ಳು ಹೇಳಿದ ದೊಡ್ಡವರಿಗೆ ಶಿಕ್ಷೆ ಇದೆ. ಮಗುವಿಗೆ ಅದೂ ಇಲ್ಲ.

ಇನ್ನು ಚರ್ಚಿನೊಳಗಿನ ಈ ವಿಚಾರಣೆ ನಿಜಕ್ಕೂ ಹೇಗೆ ನಡೆಯುತ್ತದೆ? ಮಗು ಧರ್ಮೋಪದೇಶದ ಟೀಚರಿಗೆ ಏನೋ ಹೇಳಿರುತ್ತದೆ. ಟೀಚರ್ ವಾರ್ಡಿನ ಮುಖಂಡರಾದ ಗುರಿಕಾರರಿಗೆ ಹೇಳುತ್ತಾರೆ. ಗುರಿಕಾರರು ಪರಿಷತ್ತಿನ ಉಪಾಧ್ಯಕ್ಷರಿಗೆ. ಪ್ರತಿಯೊಬ್ಬರೂ ಮಗುವನ್ನು ಕರೆದು ಮತ್ತೆ ಕೇಳುತ್ತಾರೆ. “ಫಾದರ್ ಹಾಗೆ ಮಾಡಿದ್ದು ಹೌದಾ? ಸರಿಯಾಗಿ ನೆನಪು ಮಾಡಿಕೋ.” ಮೂರನೇ ಸಲಕ್ಕೆ ಮಗು ಅಳುತ್ತಾ “ಗೊತ್ತಿಲ್ಲ” ಎನ್ನುತ್ತದೆ. ಅಷ್ಟೊತ್ತಿಗೆ ಆರೋಪ ಹೊತ್ತವರ ಕಿವಿಗೂ ಸುದ್ದಿ ಮುಟ್ಟಿರುತ್ತದೆ. ಫೋನಿನ ಮೆಸೇಜುಗಳು ಅಳಿಸಿಹೋಗಿರುತ್ತವೆ. ಮುಂದೆ ಕೋರ್ಟಿನಲ್ಲಿ, ಮಗುವಿನ ಬಾಯಿಗೆ ಮಾತು ತುಂಬಿದ್ದು ಈ ದೊಡ್ಡವರೇ ಎಂದು ಆರೋಪಿಯ ಪರ ವಕೀಲರು ವಾದಿಸುತ್ತಾರೆ.

ಹಾಗಾಗಿ ಕೇಳಿಸಿಕೊಂಡವರ ಕೆಲಸ ಬಹಳ ಸಣ್ಣದು. ಮಗು ಹೇಳಿದಷ್ಟನ್ನು ಕೇಳಿ. ಬಿಡಿಸಿ ಬಿಡಿಸಿ ಪ್ರಶ್ನೆ ಹಾಕಬೇಡಿ. ‘ಛೇ, ಅವರು ಹಾಗೆ ಮಾಡುವವರಲ್ಲ’ ಎಂಬ ಮಾತು ಬಾಯಿಗೆ ಬಂದರೂ ನುಂಗಿಕೊಳ್ಳಿ. ಮಗು ಕೊಂಕಣಿಯಲ್ಲಿ ಹೇಳಿದರೆ ಕೊಂಕಣಿಯಲ್ಲೇ, ತುಳುವಿನಲ್ಲಿ ಹೇಳಿದರೆ ತುಳುವಿನಲ್ಲೇ, ಅದರದ್ದೇ ಮಾತಿನಲ್ಲಿ ಬರೆದಿಡಿ. ದಿನಾಂಕ, ಹೊತ್ತು ಹಾಕಿ. “ಯಾರಿಗೂ ಹೇಳಬೇಡಿ ಟೀಚರ್” ಎಂದು ಮಗು ಕೇಳಿಕೊಂಡರೆ ಆಣೆ ಇಡಬೇಡಿ. “ನಿನ್ನನ್ನು ಕಾಪಾಡಬಲ್ಲವರಿಗೆ ಮಾತ್ರ ಹೇಳ್ತೇನೆ” ಎನ್ನಿ. ಆಮೇಲೆ ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ, ಇಲ್ಲವೇ ಠಾಣೆಗೆ ಹೋಗಿ. ಫಾದರಿಗೋ ಸಭಾಪಾಲಕರಿಗೋ ಹೇಳಿದೆ ಎಂದ ಮಾತ್ರಕ್ಕೆ ನಿಮ್ಮ ಹೊಣೆ ಮುಗಿಯುವುದಿಲ್ಲ.

ಪೊಲೀಸ್ ಎಂದರೆ ಜನ ಹೆದರುವುದು ನಿಜ. ಆದರೆ ಮಗುವನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಬೇಕಾಗಿಲ್ಲ. ಹೇಳಿಕೆಯನ್ನು ಮಗುವಿನ ಮನೆಯಲ್ಲೋ ಅದು ಬಯಸಿದ ಕಡೆಯಲ್ಲೋ ಪಡೆಯಬಹುದು. ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು. ಆದಷ್ಟೂ ಮಹಿಳಾ ಸಬ್ ಇನ್‌ಸ್ಪೆಕ್ಟರ್ ಅಥವಾ ಅವರಿಗಿಂತ ಮೇಲಿನವರೇ ಬರೆದುಕೊಳ್ಳಬೇಕು. ಅಪ್ಪ ಅಮ್ಮ, ಇಲ್ಲವೇ ಮಗು ನಂಬುವ ಯಾರಾದರೂ ಜೊತೆಗಿರಬೇಕು. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಷಯ ತಿಳಿಸಬೇಕು. ಇದೆಲ್ಲ ಕಾಯ್ದೆಯಲ್ಲೇ ಇರುವ ಮಾತು. ಹೀಗೆ ನಡೆಯದಿದ್ದರೆ ನೀವು ಧೈರ್ಯವಾಗಿ ಕೇಳಬಹುದು.

ನಂಬಿಕೆಯ ಭಾರ ಎಷ್ಟಿರುತ್ತದೆ ಎನ್ನುವುದಕ್ಕೆ ಕೇರಳದ ಕೊಟ್ಟಿಯೂರು ಪ್ರಕರಣ ನೋಡಿ. ಚರ್ಚಿನ ಪಾದ್ರಿಯಿಂದ ಬಾಲಕಿಯೊಬ್ಬಳು ಗರ್ಭಿಣಿಯಾದಳು. ಮೊದಲಿಗೆ ತಪ್ಪನ್ನು ತನ್ನ ಮೇಲೆ ಎಳೆದುಕೊಂಡದ್ದು ಯಾರು ಗೊತ್ತಾ? ಆ ಹುಡುಗಿಯ ಸ್ವಂತ ತಂದೆ. ವಿಚಾರಣೆಯಲ್ಲಿ ಮನೆಯವರೂ ಹುಡುಗಿಯೂ ಪ್ರತಿಕೂಲ ಸಾಕ್ಷಿಗಳಾದರು, ಅಂದರೆ ಮೊದಲು ಹೇಳಿದ್ದಕ್ಕೆ ತಿರುಗಿಬಿದ್ದರು. ಡಿಎನ್‌ಎ ಪರೀಕ್ಷೆ, ಹುಡುಗಿಯ ಜನನದ ದಾಖಲೆ ಇದ್ದದ್ದರಿಂದ ಕೇಸು ಉಳಿಯಿತು. 2019ರ ಫೆಬ್ರವರಿಯಲ್ಲಿ ತಲಶ್ಶೇರಿಯ ವಿಶೇಷ ನ್ಯಾಯಾಲಯ ಪಾದ್ರಿಗೆ 20 ವರ್ಷ ಶಿಕ್ಷೆ ವಿಧಿಸಿತು. ಇಂಥ ಒತ್ತಡದಲ್ಲಿರುವ ಮನೆಯವರನ್ನು ಕೂರಿಸಿ ‘ಒಳಗೊಳಗೇ ಮುಗಿಸೋಣ’ ಎಂದರೆ ಅವರು ಬೇಡ ಅನ್ನುತ್ತಾರಾ? ರಾಜಿ ಮಾಡಿಕೊಂಡರು ಎಂಬ ಕಾರಣಕ್ಕೆ ರದ್ದುಮಾಡಿದ್ದ ಪೋಕ್ಸೊ ಕೇಸೊಂದನ್ನು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಮತ್ತೆ ಜೀವಂತಗೊಳಿಸಿದೆ. ಅಲ್ಲಿ ಆರೋಪಿ ಒಬ್ಬ ಶಿಕ್ಷಕ.

ಕ್ಯಾಥೊಲಿಕರಿಗೆ ಒಂದು ಮಾತು. ಪೋಪ್ ಫ್ರಾನ್ಸಿಸ್ 2019ರ ಮೇ ತಿಂಗಳಲ್ಲಿ ಹೊರಡಿಸಿ, 2023ರಲ್ಲಿ ಪರಿಷ್ಕರಿಸಿದ ‘ವೋಸ್ ಎಸ್ತಿಸ್ ಲುಕ್ಸ್ ಮುಂದಿ’ ಎಂಬ ಆದೇಶ ಗುರುಗಳೂ (ಪಾದ್ರಿಗಳು) ಸಿಸ್ಟರುಗಳೂ ಇಂಥ ವಿಷಯವನ್ನು ಧರ್ಮಾಧ್ಯಕ್ಷರಿಗೆ (ಬಿಷಪ್‌ಗೆ) ತಿಳಿಸಲೇಬೇಕು ಎನ್ನುತ್ತದೆ. ಅದು ಚರ್ಚಿನ ಒಳಗಿನ ದಾರಿ. ದೇಶದ ಕಾನೂನಿನ ಕರ್ತವ್ಯವನ್ನು ಅದು ಕಡಿಮೆ ಮಾಡುವುದಿಲ್ಲ, ಹಾಗೆಂದು ಅದೇ ಆದೇಶದಲ್ಲಿ ಬರೆದಿದೆ. ಗುರುಗಳ ಬಳಿ ತಪ್ಪುಗಳನ್ನು ಹೇಳಿಕೊಳ್ಳುವ ಪಾಪನಿವೇದನೆಯ ಗುಟ್ಟು ಮಾತ್ರ ನಿಜವಾಗಿಯೂ ಕಷ್ಟದ ವಿಷಯ. ಚರ್ಚಿನ ಕಾನೂನು ಆ ಗುಟ್ಟನ್ನು ಒಡೆಯಲು ಬಿಡುವುದಿಲ್ಲ. ಪೋಕ್ಸೊದಲ್ಲಿ ಪಾದ್ರಿಗಳಿಗೆ ವಿನಾಯಿತಿ ಇಲ್ಲ. ಈ ಗಂಟನ್ನು ನಾನು ಬಿಡಿಸಲಾರೆ. ಆದರೆ ಮಗುವೊಂದು ಅಲ್ಲಿ ಹೇಳಿಕೊಂಡರೆ, ಹೊರಗೆ ಬಂದು ತಾನು ನಂಬುವ ದೊಡ್ಡವರಿಗೆ ಅದನ್ನೇ ಹೇಳುವಂತೆ ಗುರುಗಳು ಧೈರ್ಯ ತುಂಬಬಹುದು. ಪಾಪನಿವೇದನೆಯ ಪೀಠ ಎಲ್ಲರಿಗೂ ಕಾಣುವ ಜಾಗದಲ್ಲಿ ಇರಬೇಕು, ನಡುವೆ ಜಾಲರಿ ಇರಬೇಕು ಎಂಬುದು ಚರ್ಚಿನದ್ದೇ ನಿಯಮ. ಸಕ್ರಿಸ್ತಿಯ (ಪೂಜೆಗೆ ಸಿದ್ಧರಾಗುವ ಕೋಣೆಯ) ಬಾಗಿಲು ಹಾಕಿಕೊಂಡು ಮಕ್ಕಳ ಪಾಪನಿವೇದನೆ ಕೇಳುವ ಅಭ್ಯಾಸ ಎಲ್ಲಾದರೂ ಇದ್ದರೆ ನಿಲ್ಲಿಸಿ.

ಮುನ್ನೆಚ್ಚರಿಕೆ ಎಂದರೆ ಎಲ್ಲರೂ ಸಿಸಿಟಿವಿ ಎನ್ನುತ್ತಾರೆ. ನಾನು ಕೇಳುವುದು ಬೇರೆ. ಡಿಸೆಂಬರಿನಲ್ಲಿ ಕ್ಯಾರಲ್ಸ್ ಮುಗಿಯುವಾಗ ರಾತ್ರಿ ಎಷ್ಟು ಗಂಟೆ? ಕೊನೆಯ ಮಗುವನ್ನು ಮನೆಗೆ ಬಿಡುವವರು ಯಾರು, ಸ್ಕೂಟರಿನಲ್ಲಿ ಒಬ್ಬರೇನಾ? ವೇಲಾಂಕಣಿ ಯಾತ್ರೆಯಲ್ಲಿ ಪೂಜೆಯಲ್ಲಿ ಗುರುಗಳಿಗೆ ನೆರವಾಗುವ ಪೀಠ ಬಾಲಕರು ಯಾರ ಜೊತೆ ರೂಮಿನಲ್ಲಿ ಮಲಗುತ್ತಾರೆ? ಸಂಡೇ ಸ್ಕೂಲಿನ ಟೀಚರ್ ಮಕ್ಕಳಿಗೆ ನೇರವಾಗಿ ವಾಟ್ಸಾಪ್ ಮಾಡುತ್ತಾರಾ, ಅಥವಾ ತಂದೆ ತಾಯಿ ಇರುವ ಗ್ರೂಪಿನಲ್ಲಾ? ಉತ್ತರ ಬರೆಯಲು ಕೂತರೆ ತೂತುಗಳೆಲ್ಲ ತಾವಾಗಿಯೇ ಕಾಣುತ್ತವೆ. ಮಗುವಿನ ಜೊತೆ ಯಾವಾಗಲೂ ಇಬ್ಬರು ದೊಡ್ಡವರು, ಅಥವಾ ನಾಲ್ಕು ಜನಕ್ಕೆ ಕಾಣುವ ಜಾಗ. ಈ ಒಂದು ನಿಯಮ ಪಾಲಿಸಿದರೆ ಅರ್ಧ ಕೆಲಸ ಆದಂತೆ. ಇದರಿಂದ ಒಳ್ಳೆಯ ಗುರುಗಳಿಗೂ ರಕ್ಷಣೆ ಸಿಗುತ್ತದೆ. ಹೊಸಬರನ್ನು ಸೇರಿಸಿಕೊಳ್ಳುವಾಗ ಹಿಂದೆ ಇದ್ದ ಕಡೆಗೆ ಒಂದು ಫೋನ್ ಮಾಡಿ. 2020ರ ಪೋಕ್ಸೊ ನಿಯಮಗಳು ಮಕ್ಕಳ ಜೊತೆ ಒಡನಾಟವಿರುವ ಸಂಸ್ಥೆಗಳ ಸಿಬ್ಬಂದಿಗೆ ಪೊಲೀಸ್ ಪರಿಶೀಲನೆ ಆಗಬೇಕು ಎನ್ನುತ್ತವೆ. ‘ನಮ್ಮ ಊರಿನ ಹುಡುಗ ಅಲ್ವಾ’ ಎನ್ನುವುದು ಪರಿಶೀಲನೆ ಆಗುವುದಿಲ್ಲ.

ತೊಂದರೆಗೆ ಸಿಲುಕಿದವರು ದೊಡ್ಡವರಾದರೆ ದಾರಿ ಸ್ವಲ್ಪ ಬೇರೆ. ನಮ್ಮ ಕಡೆ ಮಕ್ಕಳು ಗಲ್ಫಿನಲ್ಲಿ, ಅಜ್ಜಿ ಒಬ್ಬರೇ ಮನೆಯಲ್ಲಿ. ಕಾಯಿಲೆಯವರಿಗೆ ಪರಮಪ್ರಸಾದ ತರುವವರು, ನೋಡಲು ಬರುವ ಸಂಘದವರು, ಇವರೇ ಅವರಿಗೆ ಹೊರಗಿನ ಲೋಕ. ಎಟಿಎಂ ಕಾರ್ಡು, ಪಾಸ್‌ಬುಕ್ಕು ಹೀಗೆ ಬಂದವರ ಕೈಗೆ ಹೋಗುವುದು ಸುಲಭ. ಹಾಗಾಗಿ ಮನೆಭೇಟಿಗೆ ಇಬ್ಬರು ಹೋಗಲಿ, ಹಣದ ವ್ಯವಹಾರಕ್ಕೆ ಕೈ ಹಾಕುವುದು ಬೇಡ. ಮುದುಕರಿಂದ ಚರ್ಚಿಗೆ ಜಾಗ ಬರೆಸಿಕೊಳ್ಳುವ ಮುಂಚೆ ಅವರಿಗೆ ಅವರದ್ದೇ ವಕೀಲರು ಇರಲಿ. ಗುರುವಿನ ಪ್ರಭಾವದಲ್ಲಿ ಬರೆದುಕೊಟ್ಟ ದಾನಪತ್ರ ನಿಲ್ಲುವುದಿಲ್ಲ ಎಂದು ಅಲಹಾಬಾದ್ ಹೈಕೋರ್ಟ್ 1890ರಲ್ಲೇ ಹೇಳಿದೆ. ಅದು ಹಿಂದೂ ಗುರುವೊಬ್ಬರ ಕೇಸು, ತತ್ವ ಮಾತ್ರ ಎಲ್ಲರಿಗೂ ಒಂದೇ.

ಮೇಲೆ ಹೇಳಿದ ಪೋಪರ ಆದೇಶ ‘ದುರ್ಬಲ ವ್ಯಕ್ತಿ’ ಎನ್ನುವಾಗ ಆಗೊಮ್ಮೆ ಈಗೊಮ್ಮೆ ಮಾತ್ರ ವಿರೋಧಿಸುವ ಶಕ್ತಿ ಕಳೆದುಕೊಂಡವರನ್ನೂ ಸೇರಿಸುತ್ತದೆ. ಗಂಡ ತೀರಿಕೊಂಡ ತಿಂಗಳಲ್ಲಿ ಸಲಹೆ ಕೇಳಲು ಬರುವ ಹೆಂಗಸು ಹಾಗಿರಬಹುದು. ಆದರೆ ಆಕೆ ಮಗುವಲ್ಲ. ದೂರು ಕೊಡುವುದು ಬಿಡುವುದು ಆಕೆಯ ತೀರ್ಮಾನ. ನಾವು ದಾರಿ ತಿಳಿಸಬೇಕು, ಜೊತೆಗೆ ಹೋಗಬೇಕು. ಅಂಗವಿಕಲರ ಮೇಲೆ ದೌರ್ಜನ್ಯ ಆಗುತ್ತಿದೆ ಅನಿಸಿದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಯಾರು ಬೇಕಾದರೂ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ತಿಳಿಸಬಹುದು. ಹಿರಿಯರಿಗೆ 14567, ಮಹಿಳೆಯರಿಗೆ 181 ಸಹಾಯವಾಣಿ ಇದೆ.

ದೂರು ಕೊಟ್ಟ ಮೇಲಿನ ಭಾನುವಾರಗಳ ಬಗ್ಗೆ ಮಾತಾಡುವವರೇ ಕಡಿಮೆ. ಪೂಜೆಗೆ ಬಂದ ಆ ಕುಟುಂಬದ ಬೆಂಚಿನಲ್ಲಿ ಬೇರೆಯವರು ಕೂರುವುದಿಲ್ಲ. ‘ಚರ್ಚಿನ ಮರ್ಯಾದೆ ತೆಗೆದರು’ ಎಂಬ ಪಿಸುಮಾತು. ಅಕ್ಕನ ಮದುವೆಗೆ ಪತ್ರ ಬೇಕು, ತಮ್ಮನ ದೀಕ್ಷಾಸ್ನಾನದ ಸರ್ಟಿಫಿಕೇಟ್ ಬೇಕು, ಅಜ್ಜನಿಗೆ ಸಮಾಧಿಯ ಜಾಗ ಬೇಕು. ಎಲ್ಲದಕ್ಕೂ ಅದೇ ಆಫೀಸಿನ ಮುಂದೆ ನಿಲ್ಲಬೇಕು. ಎಷ್ಟೋ ಮನೆಯವರು ದೂರು ಹಿಂದೆ ತೆಗೆದುಕೊಳ್ಳಲು ನೋಡುವುದು ಇಲ್ಲಿ ಸೋತು. ಹಾಗಾಗಿ ಪಾಲನಾ ಪರಿಷತ್ತು ಇದನ್ನು ದೂರು ಬರುವ ಮೊದಲೇ ತೀರ್ಮಾನಿಸಿಡಬೇಕು. ಅಂಥ ಕುಟುಂಬದ ಪತ್ರಗಳೆಲ್ಲ ಪಕ್ಕದ ಧರ್ಮಕೇಂದ್ರದ (ಪಕ್ಕದ ಊರಿನ ಚರ್ಚಿನ) ಮೂಲಕ ಸಿಗುವಂತೆ ಧರ್ಮಾಧ್ಯಕ್ಷರಿಂದ ಒಪ್ಪಿಗೆ ಪಡೆದಿಡಿ. ಕೋರ್ಟಿನ ದಿನಗಳಲ್ಲಿ ಅವರ ಜೊತೆ ಹೋಗಲು ಆರೋಪಿಗೆ ಸಂಬಂಧವಿಲ್ಲದ ಇಬ್ಬರನ್ನು ಹೆಸರು ಹಿಡಿದು ನೇಮಿಸಿ. ಆ ಇಬ್ಬರಲ್ಲಿ ಒಬ್ಬರಾದರೂ ಹೆಂಗಸಾಗಿರಲಿ.