ಸಂಬಳ ಜಪ್ತಿಗೂ ಒಂದು ಕೊನೆ ದಿನ ಇದೆ

ಕಳೆದ ತಿಂಗಳು ಶಾಲೆಯೊಂದರ ಗುಮಾಸ್ತರು ಪೇ ಸ್ಲಿಪ್‌ಗಳ ಕಟ್ಟು ಹಿಡಿದು ಬಂದರು. ಗೆಳೆಯನ ಸಾಲಕ್ಕೆ ಜಾಮೀನು ಹಾಕಿದ್ದರು. "ಸಾರ್, ಸಾಲ ತಗೊಂಡೋನು ಆರಾಮಾಗಿದ್ದಾನೆ, ನನ್ನ ಸಂಬಳ ಯಾಕೆ ಹಿಡೀತಾರೆ?" ಕಾನೂನಿನಲ್ಲಿ ಜಾಮೀನುದಾರನ ಹೊಣೆಯೂ ಸಾಲಗಾರನಷ್ಟೇ. ತಿಂಗಳಾದರೆ ಸಂಬಳ ಬರುವವರು ಸುಲಭವಾಗಿ ಸಿಗ್ತಾರೆ, ಅಲ್ವಾ?

ಡಿಕ್ರಿ, ಅಂದರೆ ಹಣ ಕೊಡಬೇಕು ಎಂಬ ಕೋರ್ಟಿನ ತೀರ್ಪು, ಆದ ತಕ್ಷಣ ಸಂಬಳ ಕಟ್ ಆಗುವುದಿಲ್ಲ. ಸಾಲ ಕೊಟ್ಟವರು ಅದನ್ನು ಜಾರಿ ಮಾಡಿಸಿ ಎಂದು ಅಮಲ್ಜಾರಿ ಅರ್ಜಿ ಹಾಕಬೇಕು, ಕೋರ್ಟಿನ ಜಪ್ತಿ ಆದೇಶ ಸಂಬಳ ಕೊಡುವವರಿಗೆ ತಲುಪಬೇಕು. ತಲುಪಿದ ಮೇಲೂ ಹಿಡಿಯದಿದ್ದರೆ ಆ ದುಡ್ಡಿಗೆ ಅವರೇ ಹೊಣೆ. ಹಾಗಾಗಿ ಅಕೌಂಟ್ಸ್‌ನವರ ಜೊತೆ ಸುಮ್ನೆ ಜಗಳ ಬೇಡ.

ಎಷ್ಟು ಹಿಡಿಯಬಹುದು ಎಂಬುದು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲಿದೆ. ಮೊದಲ 1,000 ರೂಪಾಯಿ ಮುಟ್ಟುವಂತಿಲ್ಲ. ಉಳಿದದ್ದರಲ್ಲಿ ಮೂರರಲ್ಲಿ ಎರಡು ಪಾಲೂ ನಿಮ್ಮದೇ. ಗುಮಾಸ್ತರ ಒಟ್ಟು ಸಂಬಳ 31,000. ಸಾವಿರ ಬಿಟ್ಟರೆ 30,000, ಅದರಲ್ಲಿ 10,000 ಜಪ್ತಿಗೆ. ಸಾವಿರದ ಈ ಮಿತಿ 1999ರ ತಿದ್ದುಪಡಿಯದ್ದು. ಅದಕ್ಕೆ ಮೊದಲು 400 ಇತ್ತು. ಈಗ ಆ ಸಾವಿರಕ್ಕೆ ಒಂದು ಗ್ಯಾಸ್ ಸಿಲಿಂಡರ್ ಬಂದರೆ ಪುಣ್ಯ!

ಹೆಂಡತಿ ಮಕ್ಕಳ ಜೀವನಾಂಶದ ಡಿಕ್ರಿಯಾದರೆ ಲೆಕ್ಕ ಉಲ್ಟಾ: ಮೂರರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಕಾರ್ಮಿಕರ, ಮನೆಕೆಲಸದವರ ಕೂಲಿಯನ್ನು ಸಾಲದ ಡಿಕ್ರಿಗೆ ಜಪ್ತಿ ಮಾಡುವಂತೆಯೇ ಇಲ್ಲ. ಕುಶಲ ಕೆಲಸಗಾರರೂ ಕಾರ್ಮಿಕರೇ ಎಂದು ಕಲಮಿನಲ್ಲೇ ಬರೆದಿದೆ. ಪಿಎಫ್, ಗ್ರಾಚ್ಯುಟಿ ಕೂಡ ಸಾಲ ಕೊಟ್ಟವರ ಕೈಗೆ ಸಿಗುವುದಿಲ್ಲ.

ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಇನ್ನೊಂದಿದೆ. ಸಾಲದ ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಸಂಬಳ ಹಿಡಿದಾದ ಮೇಲೆ, ಬಾಕಿ ಎಷ್ಟೇ ಇರಲಿ, ಆ ಡಿಕ್ರಿಗಾಗಿ ಮತ್ತೆ ಸಂಬಳ ಮುಟ್ಟುವಂತಿಲ್ಲ. ನಡುವೆ ನಿಂತು ಮತ್ತೆ ಶುರುವಾಗಿದ್ದರೆ ಹಿಡಿದ ತಿಂಗಳುಗಳನ್ನೆಲ್ಲ ಕೂಡಿಸಿಕೊಳ್ಳಬೇಕು. ಬೇರೆ ಡಿಕ್ರಿ ಇದ್ದರೂ 12 ತಿಂಗಳು ಬಿಡುವು ಕೊಡಲೇಬೇಕು. ಹಾಗಂತ ಸಾಲ ತೀರಿತು ಅಂತಲ್ಲ. ಹಣದ ಡಿಕ್ರಿಯ ಅಮಲ್ಜಾರಿಗೆ 12 ವರ್ಷ ಅವಕಾಶವಿದೆ, ಸೈಟು ಗೀಟು ಇದ್ದರೆ ಅದರ ಮೇಲೆ ಬರಬಹುದು.

ಗುಮಾಸ್ತರ ಪೇ ಸ್ಲಿಪ್‌ಗಳನ್ನು ಮೇಜಿನ ಮೇಲೆ ಹರಡಿ ಎಣಿಸಿದೆವು. 29 ಇದ್ದವು. ನಿಲ್ಲಿಸಿ ಅಂತ ಯಾರೂ ಹೇಳಿರಲಿಲ್ಲ, ಆಫೀಸಿನವರು ಹಿಡಿಯುತ್ತಲೇ ಹೋಗಿದ್ದರು. ಜಪ್ತಿ ತೆಗೆಯಿರಿ, ಜಾಸ್ತಿ ಹಿಡಿದ 50,000 ವಾಪಸ್ ಕೊಡಿಸಿ ಎಂದು ಅಮಲ್ಜಾರಿ ಕೋರ್ಟಿಗೇ ಅರ್ಜಿ ಹಾಕಿದ್ದೇವೆ.