ಅಮೆರಿಕದ ಕಾಲೇಜಿನಿಂದ ಬಂದ ‘ಆನರ್ ಸೊಸೈಟಿ’ ಆಹ್ವಾನ: ದುಡ್ಡು ಕಟ್ಟಿ ಸೇರಬೇಕೆ?

ಓದುಗರ ಪ್ರಶ್ನೆ: ನಮ್ಮ ಮಗಳು ಅಮೆರಿಕದಲ್ಲಿ ಡಿಗ್ರಿ ಮೂರನೇ ವರ್ಷದಲ್ಲಿದ್ದಾಳೆ. ‘ಆನರ್ ಸೊಸೈಟಿಗೆ ಆಯ್ಕೆಯಾಗಿದ್ದೀರಿ’ ಎಂದು ಅವಳಿಗೆ ಇಮೇಲ್ ಬಂದಿದೆ. ಸೇರಬೇಕಾದರೆ ಶುಲ್ಕ ಕಟ್ಟಬೇಕಂತೆ. ಗೌರವ ಅಂದಮೇಲೆ ಹಣ ಯಾಕೆ ಕೇಳುತ್ತಾರೆ? ಇದು ಮೋಸವೇ?

ಉತ್ತರ: ನಿಮ್ಮ ಅನುಮಾನ ಸಹಜ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ರ‍್ಯಾಂಕ್ ಬಂದವರನ್ನು ಘಟಿಕೋತ್ಸವದ ವೇದಿಕೆಗೆ ಕರೆದು ಚಿನ್ನದ ಪದಕ ಕೊಡುತ್ತಾರೆ. ಪದವಿ ಪ್ರಮಾಣಪತ್ರಕ್ಕೆ ಶುಲ್ಕ ಕಟ್ಟಿರುತ್ತೇವೆ ನಿಜ, ಪದಕಕ್ಕೆಂದು ಯಾರೂ ಕಟ್ಟುವುದಿಲ್ಲ. ಆದರೆ ಅಮೆರಿಕದಲ್ಲಿ ತುಂಬ ಹಳೆಯ, ತುಂಬ ಮರ್ಯಾದಸ್ಥ ಆನರ್ ಸೊಸೈಟಿಗಳೂ ಸೇರುವಾಗ ಒಂದು ಶುಲ್ಕ ತೆಗೆದುಕೊಳ್ಳುತ್ತವೆ. ಅಲ್ಲಿ ಇದು ಬಹುಮಾನಕ್ಕಿಂತ ಹೆಚ್ಚಾಗಿ, ಚೆನ್ನಾಗಿ ಓದುವ ವಿದ್ಯಾರ್ಥಿಗಳನ್ನು ಆರಿಸಿ ಸೇರಿಸಿಕೊಳ್ಳುವ ಒಂದು ಸಂಘ; ಸದಸ್ಯತ್ವ ಇದ್ದಲ್ಲಿ ಚಂದಾ ಇದ್ದೇ ಇರುತ್ತದೆ. ಹಾಗಾಗಿ ಹಣ ಕೇಳಿದರು ಎಂಬ ಒಂದೇ ಕಾರಣಕ್ಕೆ ಮೋಸ ಎನ್ನಲಾಗದು. ನೋಡಬೇಕಾದದ್ದು ಬೇರೆ: ನಿಮ್ಮ ಮಗಳನ್ನು ಆರಿಸಿದವರು ಯಾರು? ಅವಳನ್ನು ಬಲ್ಲವರೋ, ಅವಳ ಇಮೇಲ್ ವಿಳಾಸವನ್ನಷ್ಟೇ ಬಲ್ಲವರೋ?

ಇವುಗಳಲ್ಲಿ ಮೊದಲನೆಯದು ಫೈ ಬೀಟಾ ಕಪ್ಪಾ. ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ 1776ರ ಡಿಸೆಂಬರ್ 5ರಂದು ಹುಟ್ಟಿತು. ಅಮೆರಿಕ ಸ್ವಾತಂತ್ರ್ಯ ಘೋಷಿಸಿಕೊಂಡು ಆಗಿನ್ನೂ ಐದು ತಿಂಗಳಾಗಿತ್ತಷ್ಟೆ. ‘ತತ್ತ್ವಜ್ಞಾನವೇ ಬಾಳಿನ ಚುಕ್ಕಾಣಿ’ ಎಂಬರ್ಥದ ಗ್ರೀಕ್ ಮಾತಿನ ಮೊದಲಕ್ಷರಗಳೇ ಅದರ ಹೆಸರು. ನಂತರ ಬಂದ ಎಷ್ಟೋ ಸಂಘಗಳು ಇದೇ ಜಾಡಿನಲ್ಲಿ ಗ್ರೀಕ್ ಅಕ್ಷರ ಹಿಡಿದವು. ಹಾಸ್ಟೆಲಿನಂಥ ಮನೆಗಳಲ್ಲಿ ಒಟ್ಟಿಗೆ ಇರುವ ‘ಫ್ರಟರ್ನಿಟಿ’, ‘ಸೊರೊರಿಟಿ’ಗಳ ಹೆಸರೂ ಹೀಗೇ ಇರುವುದರಿಂದ ನಮ್ಮ ಕಡೆಯ ತಂದೆತಾಯಿ ಎರಡನ್ನೂ ಒಂದೇ ಎಂದುಕೊಂಡು ಗಾಬರಿಯಾಗುವುದುಂಟು. ಅವು ಬೇರೆ, ಇವು ಬೇರೆ.

ಹೆಚ್ಚಿನ ಆನರ್ ಸೊಸೈಟಿಗಳು ಅಂಕವನ್ನೇ ಅಳತೆಗೋಲಾಗಿ ಇಟ್ಟುಕೊಂಡಿವೆ. ಎಂಜಿನಿಯರಿಂಗ್‌ನ ಟೌ ಬೀಟಾ ಪೈ, 1885ರಲ್ಲಿ ಲೀಹೈ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು, ಮೂರನೇ ವರ್ಷದವರಲ್ಲಿ ಮೇಲಿನ ಎಂಟನೇ ಒಂದು ಭಾಗ, ಕೊನೆಯ ವರ್ಷದವರಲ್ಲಿ ಮೇಲಿನ ಐದನೇ ಒಂದು ಭಾಗದಿಂದ ಆರಿಸುತ್ತದೆ. ಎಲೆಕ್ಟ್ರಿಕಲ್‌ನವರಿಗೆ ಈಟಾ ಕಪ್ಪಾ ನು, ಕಂಪ್ಯೂಟರ್‌ನವರಿಗೆ ಅಪ್ಸಿಲಾನ್ ಪೈ ಎಪ್ಸಿಲಾನ್, ಬಿಸಿನೆಸ್ ಓದುವವರಿಗೆ ಬೀಟಾ ಗಾಮಾ ಸಿಗ್ಮಾ ಇವೆ.

ನನಗೆ ಹೆಚ್ಚು ಇಷ್ಟವಾದದ್ದು ಮಾರ್ಟರ್ ಬೋರ್ಡ್. ಓದು, ನಾಯಕತ್ವ, ಸೇವೆ ಮೂರನ್ನೂ ಒಟ್ಟಿಗೆ ಕೇಳುವ ಸಂಘ ಅದು. ಘಟಿಕೋತ್ಸವದಲ್ಲಿ ಹಾಕುವ ಚೌಕದ ಟೋಪಿಗೆ ಇಂಗ್ಲಿಷಿನಲ್ಲಿ ಆ ಹೆಸರು. ಗಾರೆ ಕೆಲಸದವರು ಗಾರೆ ಹಾಕಿಕೊಂಡು ಕೈಯಲ್ಲಿ ಹಿಡಿಯುವ ಚೌಕದ ಹಲಗೆಯಂತೆ ಕಾಣುವುದರಿಂದ ಟೋಪಿಗೆ ಆ ಹೆಸರು ಅಂಟಿತು. 1918ರ ಫೆಬ್ರವರಿಯಲ್ಲಿ, ಮೊದಲ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗ, ಬೇರೆ ಬೇರೆ ಕಾಲೇಜುಗಳ ಹೆಣ್ಣುಮಕ್ಕಳು ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್‌ನಲ್ಲಿ ಸೇರಿ ಇದನ್ನು ಕಟ್ಟಿದರು. ಅಂತಿಮ ವರ್ಷದ ವಿದ್ಯಾರ್ಥಿನಿಯರಿಗಾಗಿ ರಾಷ್ಟ್ರಮಟ್ಟದಲ್ಲಿ ಹುಟ್ಟಿದ ಮೊದಲ ಗೌರವ ಸಂಘ ಇದೇ. ಸಂವಿಧಾನದ 19ನೇ ತಿದ್ದುಪಡಿ ಹೆಣ್ಣುಮಕ್ಕಳ ಮತದ ಹಕ್ಕನ್ನು ದೇಶದಾದ್ಯಂತ ಗಟ್ಟಿ ಮಾಡಿದ್ದು 1920ರಲ್ಲಿ, ಅಂದರೆ ಇದಾದ ಎರಡು ವರ್ಷಕ್ಕೆ.

ಅವರು ಬೇರೆಯೇ ಸಂಘ ಕಟ್ಟಿಕೊಳ್ಳಬೇಕಾದ ಕಾಲ ಅದು. ನಾಯಕತ್ವಕ್ಕೆಂದು 1914ರಲ್ಲಿ ವಾಷಿಂಗ್ಟನ್ ಅಂಡ್ ಲೀ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಒಮೈಕ್ರಾನ್ ಡೆಲ್ಟಾ ಕಪ್ಪಾ 1974ರವರೆಗೂ ಗಂಡಸರದ್ದೇ ಆಗಿತ್ತು. ಮೇಲೆ ಹೇಳಿದ ಟೌ ಬೀಟಾ ಪೈ 1969ರವರೆಗೆ ಹೆಣ್ಣುಮಕ್ಕಳಿಗೆ ಸದಸ್ಯತ್ವ ಕೊಡದೆ, ಬೇರೊಂದು ಬ್ಯಾಡ್ಜ್ ಕೊಟ್ಟು ಕಳಿಸುತ್ತಿತ್ತು. ಅದೇ ಪರೀಕ್ಷೆ ಬರೆದು, ಅದೇ ಅಂಕ ತೆಗೆದು, ಪಕ್ಕದ ಬೆಂಚಿನವನಿಗೆ ಸಿಕ್ಕ ಸ್ಥಾನ ತನಗಿಲ್ಲ ಎಂದು ಕೇಳಿಸಿಕೊಂಡ ಆ ಹುಡುಗಿಯರನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಸರ್ಕಾರದ ನೆರವು ಪಡೆಯುವ ಶಿಕ್ಷಣದಲ್ಲಿ ಲಿಂಗಭೇದ ಸಲ್ಲದು ಎಂಬ ಕಾನೂನು 1972ರಲ್ಲಿ ಬಂತು. ಅದಾದ ಮೇಲೆ, 1975ರಲ್ಲಿ, ಮಾರ್ಟರ್ ಬೋರ್ಡ್ ಗಂಡುಮಕ್ಕಳಿಗೂ ಬಾಗಿಲು ತೆರೆಯಿತು.

ಇಲ್ಲಿ ಆಯ್ಕೆ ನಡೆಯುವ ಬಗೆಯನ್ನು ಗಮನಿಸಿ. ಮೂರನೇ ವರ್ಷದವರ ಅಂಕಗಳು, ಅವರು ಕ್ಯಾಂಪಸ್‌ನಲ್ಲಿ ಹೊತ್ತ ಜವಾಬ್ದಾರಿ, ಮಾಡಿದ ಸೇವೆ ಇವನ್ನೆಲ್ಲ ನೋಡಿ ಆರಿಸುವವರು ಅದೇ ಕ್ಯಾಂಪಸ್‌ನ ಆ ವರ್ಷದ ಸದಸ್ಯರು, ಅಂದರೆ ಒಂದು ವರ್ಷಕ್ಕೆ ಹಿರಿಯರಾದ ವಿದ್ಯಾರ್ಥಿಗಳು. ಆರಿಸಿದ ಮೇಲೆ ಅದನ್ನು ತಿಳಿಸುವ ಕ್ರಮಕ್ಕೆ ‘ಟ್ಯಾಪಿಂಗ್’ ಎನ್ನುತ್ತಾರೆ. ಎಷ್ಟೋ ಕಾಲೇಜುಗಳಲ್ಲಿ ಹಳೆಯ ಸದಸ್ಯರು ಪಾಠ ನಡೆಯುತ್ತಿರುವ ಕ್ಲಾಸಿಗೇ ಬಂದು, ಎಲ್ಲರ ಎದುರು ಹೆಸರು ಕರೆದು ಅಭಿನಂದಿಸುತ್ತಾರೆ. ಹಾಗೆ ಆಯ್ಕೆಯಾದವರು ಕೊನೆಯ ವರ್ಷ ಪೂರ್ತಿ ಒಂದು ತಂಡವಾಗಿ ಕೆಲಸ ಮಾಡಬೇಕು, ಮುಂದಿನವರನ್ನು ತಾವೇ ಆರಿಸಿ ಹೋಗಬೇಕು.

ನಮ್ಮಲ್ಲಿ ಈ ಮೂರು ಗುಣಗಳಿಗೆ ಮೂರು ಬೇರೆ ಬೇರೆ ಕಡೆ ಲೆಕ್ಕ. ಓದಿಗೆ ರ‍್ಯಾಂಕ್ ಪಟ್ಟಿ. ಸೇವೆಗೆ ಎನ್ನೆಸ್ಸೆಸ್, ಎರಡು ವರ್ಷದಲ್ಲಿ 240 ಗಂಟೆಯ ದುಡಿಮೆ ಮತ್ತು ಏಳು ದಿನದ ಹಳ್ಳಿ ಶಿಬಿರ. ಮುಂದಾಳತ್ವಕ್ಕೆ ಹೆಚ್ಚೆಂದರೆ ಕಾಲೇಜ್ ಡೇ ದಿನ ವೇದಿಕೆ ಮೇಲೊಂದು ಕುರ್ಚಿ. 1969ರಿಂದ ನಡೆದುಬಂದ ಎನ್ನೆಸ್ಸೆಸ್ ಶಿಬಿರಗಳಲ್ಲಿ ಚರಂಡಿ ತೋಡಿದ, ರಸ್ತೆಗೆ ಮಣ್ಣು ಹೊತ್ತ ಹುಡುಗ ಹುಡುಗಿಯರನ್ನು ಅವರ ಓದಿನ ಜೊತೆಗಿಟ್ಟು ಒಟ್ಟಾಗಿ ಗುರುತಿಸುವ ಒಂದು ಕ್ರಮ ನಮ್ಮಲ್ಲೂ ಇದ್ದಿದ್ದರೆ ಎಂದು ನನಗೆ ಅನೇಕ ಸಲ ಅನಿಸಿದೆ.

ಈಗ ನಿಮ್ಮ ಮಗಳಿಗೆ ಬಂದ ಇಮೇಲ್. ಅಮೆರಿಕದ ವಿದ್ಯಾರ್ಥಿ ಗೋಪ್ಯತಾ ಕಾನೂನಿನ ಪ್ರಕಾರ ಅಂಕಗಳನ್ನು ಅನುಮತಿ ಇಲ್ಲದೆ ಹೊರಗಿನವರಿಗೆ ಕೊಡುವಂತಿಲ್ಲ. ಆದರೆ ಹೆಸರು, ವಿಳಾಸ, ಇಮೇಲ್‌ನಂಥ ವಿವರಗಳನ್ನು, ವಿದ್ಯಾರ್ಥಿ ಬೇಡ ಎಂದು ಬರೆದುಕೊಡದಿದ್ದರೆ, ಕಾಲೇಜು ಹಂಚಿಕೊಳ್ಳಬಹುದು. ಆದ್ದರಿಂದ ‘ನಿಮ್ಮ ಸಾಧನೆ ಮೆಚ್ಚಿ’ ಎಂದು ಶುರುವಾದ ಪತ್ರವೆಲ್ಲ ಸಾಧನೆ ನೋಡಿ ಬರೆದದ್ದೆಂದು ನಂಬಬೇಡಿ.

ಮಗಳು ತನ್ನ ಕಾಲೇಜಿನ ಡೀನ್ ಆಫ್ ಸ್ಟೂಡೆಂಟ್ಸ್ ಕಚೇರಿಗೆ ಹೋಗಿ ಕೇಳಲಿ: ಈ ಸೊಸೈಟಿಯ ಶಾಖೆ ನಮ್ಮ ಕ್ಯಾಂಪಸ್‌ನಲ್ಲಿದೆಯೇ? ಅದಕ್ಕೆ ಸಲಹೆಗಾರರಾಗಿರುವ ಅಧ್ಯಾಪಕರು ಯಾರು? ಘಟಿಕೋತ್ಸವದ ಗೌನಿನ ಮೇಲೆ ಅದರ ಬಣ್ಣದ ಹುರಿ ಹಾಕಲು ಕಾಲೇಜು ಒಪ್ಪುತ್ತದೆಯೇ? ಅಲ್ಲಿ ಇಲ್ಲ ಎಂಬ ಉತ್ತರ ಬಂದರೆ ಇಮೇಲನ್ನು ಅಳಿಸಿಬಿಡಿ. ಗೌರವ ಸಂಘಗಳ ಒಕ್ಕೂಟ ಎಂಬುದೂ ಒಂದಿದೆ. ಆಯ್ಕೆಗೆ, ಆಡಳಿತಕ್ಕೆ ಕಟ್ಟುನಿಟ್ಟು ಇರಲಿ ಎಂದೇ 1925ರಲ್ಲಿ ಅದು ಹುಟ್ಟಿತು. ಅದರ ಪಟ್ಟಿಯನ್ನೂ ನೋಡಬಹುದು. ಪಟ್ಟಿಯಲ್ಲಿಲ್ಲ ಎಂದ ಮಾತ್ರಕ್ಕೆ ಕೆಟ್ಟದ್ದೆಂದಲ್ಲ. ಫೈ ಬೀಟಾ ಕಪ್ಪಾ ಹೆಸರಿಗೆ ಯಾವ ಪಟ್ಟಿಯೂ ಬೇಕಿಲ್ಲ.

ಸೇರಿದರೆ ಏನು ಸಿಗುತ್ತದೆ? ರೆಸ್ಯೂಮೆಯಲ್ಲಿ ಒಂದು ಸಾಲು, ಕೆಲವು ಸ್ಕಾಲರ್‌ಶಿಪ್‌ಗಳಿಗೆ ಅರ್ಜಿ ಹಾಕುವ ಅವಕಾಶ, ಅಧ್ಯಾಪಕರ ಪರಿಚಯ. ಅಮೆರಿಕದ ಕೇಂದ್ರ ಸರ್ಕಾರದ ಆರಂಭಿಕ ಹುದ್ದೆಗಳಲ್ಲಿ ಮಾನ್ಯ ಆನರ್ ಸೊಸೈಟಿಯ ಸದಸ್ಯರಿಗೆ ಒಂದು ಮೆಟ್ಟಿಲು ಮೇಲಿನ ಶ್ರೇಣಿ ಸಿಗಬಹುದು. ಆ ಹುದ್ದೆಗಳು ಬಹುತೇಕ ಅಮೆರಿಕದ ಪ್ರಜೆಗಳಿಗೇ ಮೀಸಲು, ಎಫ್-1 ಎಂಬ ವಿದ್ಯಾರ್ಥಿ ವೀಸಾದವರಿಗೆ ಅದರಿಂದ ಲಾಭವಿಲ್ಲ. ಎಚ್-1ಬಿ ಉದ್ಯೋಗ ವೀಸಾಕ್ಕೂ ಇದಕ್ಕೂ ಸಂಬಂಧವಿಲ್ಲ. ಸಾಲ ಮಾಡಿ ಓದಿಸುತ್ತಿರುವ ಮನೆಯಲ್ಲಿ ಡಾಲರ್ ಲೆಕ್ಕ ದೊಡ್ಡದೇ. ಶುಲ್ಕ ಹೊರೆಯಾದರೆ ಮಗಳು ಶಾಖೆಯವರನ್ನೇ ಕೇಳಲಿ. ಕಷ್ಟದಲ್ಲಿರುವವರಿಗೆ ರಿಯಾಯಿತಿ ಕೊಡುವ, ಶುಲ್ಕ ತಾವೇ ಭರಿಸುವ ಶಾಖೆಗಳಿವೆ. ಹಾಗೆ ಕೇಳುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಎಲ್ಲ ವಿಚಾರಿಸಿ, ಆರಿಸಿದವರು ಅವಳ ಕ್ಯಾಂಪಸ್‌ನವರೇ ಎಂದು ಖಾತ್ರಿಯಾದರೆ, ಅವಳಿಗೂ ಮನಸ್ಸಿದ್ದರೆ, ಖಂಡಿತ ಸೇರಲಿ. ಹೊಸಬರನ್ನು ಸೇರಿಸಿಕೊಳ್ಳುವ ಸಮಾರಂಭ ಸಾಮಾನ್ಯವಾಗಿ ಅವರ ವಸಂತಕಾಲದಲ್ಲಿ, ಮಾರ್ಚ್ ಏಪ್ರಿಲ್ ಹೊತ್ತಿಗೆ ಇರುತ್ತದೆ. ಮನೆಯವರು ನೋಡಲೆಂದು ವಿಡಿಯೋ ಕರೆ ಮಾಡಲು ಹೇಳಿಡಿ. ಏಪ್ರಿಲ್‌ನಲ್ಲಿ ಅಲ್ಲಿನ ಪೂರ್ವ ಭಾಗದ ಸಂಜೆ 7 ಗಂಟೆ ಎಂದರೆ ನಮಗೆ ಬೆಳಗಿನ ಜಾವ 4.30. ಅಲಾರಂ ಇಟ್ಟುಕೊಂಡು ಮಲಗಿ.